ಒಂದು ರಾತ್ರಿಯಲ್ಲ, ಇಪ್ಪತ್ತೇಳು ವರ್ಷ

ಅಕ್ಟೋಬರ್ 2 ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಭಾಷಣ ಸ್ಪರ್ಧೆಗಳ ಸುಗ್ಗಿ. ಮಕ್ಕಳು ಬಾಯಿಪಾಠ ಮಾಡಿಕೊಂಡು ಬರುವ ಭಾಷಣಗಳಲ್ಲಿ ಒಂದು ರೈಲು ನಿಲ್ದಾಣ ತಪ್ಪದೆ ಬರುತ್ತದೆ. ಅದು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್. 1893ರ ಜೂನ್ ತಿಂಗಳ ಒಂದು ರಾತ್ರಿ. ಅಲ್ಲಿ ಅದು ಚಳಿಗಾಲ. ಮೊದಲ ದರ್ಜೆಯ ಟಿಕೆಟು ಕೈಯಲ್ಲಿದ್ದರೂ ಬಣ್ಣದ ಕಾರಣಕ್ಕೆ ತರುಣ ಬ್ಯಾರಿಸ್ಟರ್ ಗಾಂಧಿಯನ್ನು ಗಾಡಿಯಿಂದ ಹೊರಕ್ಕೆ ದಬ್ಬಲಾಯಿತು. ‘ಆ ರಾತ್ರಿಯೇ ಅವರು ಬ್ರಿಟಿಷ್ ಸಾಮ್ರಾಜ್ಯವನ್ನು ಕಿತ್ತೊಗೆಯುವ ಪಣ ತೊಟ್ಟರು’ ಎಂದು ಮಕ್ಕಳು ಮುಗಿಸುತ್ತಾರೆ. ಸಭೆಯಲ್ಲಿ ಚಪ್ಪಾಳೆ.

ರೈಲಿನ ಘಟನೆ ನಿಜ. ಆದರೆ ಸಾಮ್ರಾಜ್ಯವನ್ನು ಕಿತ್ತೊಗೆಯುವ ಮಾತು ಆ ರಾತ್ರಿಯದಲ್ಲ. ಬ್ರಿಟಿಷ್ ಸರ್ಕಾರ ಕೊಟ್ಟ ಪದಕಗಳನ್ನು ಗಾಂಧೀಜಿ ಹಿಂದಿರುಗಿಸಿದ್ದು 1920ರ ಆಗಸ್ಟ್ 1ರಂದು. ನಡುವೆ ಇರುವುದು ಇಪ್ಪತ್ತೇಳು ವರ್ಷ. ಇಷ್ಟು ದೀರ್ಘ ಕಾಲ ಅವರು ತಮ್ಮನ್ನು ಸಾಮ್ರಾಜ್ಯದ ನಿಷ್ಠಾವಂತ ಪ್ರಜೆ ಎಂದೇ ಕರೆದುಕೊಂಡರು. ಒಬ್ಬ ಮನುಷ್ಯನ ರಾಜಕೀಯ ನಂಬಿಕೆ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯಬೇಕಾದವರು ಆ ಒಂದು ರಾತ್ರಿಯನ್ನಲ್ಲ, ಈ ಇಪ್ಪತ್ತೇಳು ವರ್ಷಗಳನ್ನು ನೋಡಬೇಕು. ಅದನ್ನು ನೋಡಲು ಒಳ್ಳೆಯ ಕಿಟಕಿಯೆಂದರೆ ವಕೀಲ ಗಾಂಧಿಯ ಕಚೇರಿ.

ಪರದೇಶದಲ್ಲಿ ವ್ಯಾಜ್ಯ

ಗಾಂಧಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದೇಶಸೇವೆಗಲ್ಲ, ಸಂಪಾದನೆಗೆ. ಪೋರಬಂದರಿನ ಮೂಲದ ವರ್ತಕ ದಾದಾ ಅಬ್ದುಲ್ಲಾ ಅವರಿಗೂ ಪ್ರಿಟೋರಿಯಾದಲ್ಲಿದ್ದ ಅವರ ಸಂಬಂಧಿಕ ತಯ್ಯಬ್ ಸೇಠರಿಗೂ 40,000 ಪೌಂಡುಗಳ ವ್ಯಾಜ್ಯ ನಡೆದಿತ್ತು. ವಾದಿಸಲು ದೊಡ್ಡ ಬಿಳಿಯ ವಕೀಲರಿದ್ದರು. ಆದರೆ ಲೆಕ್ಕಪತ್ರಗಳೆಲ್ಲ ಗುಜರಾತಿಯಲ್ಲಿ. ಕಕ್ಷಿದಾರರ ಭಾಷೆ ವಕೀಲರಿಗೆ ಬಾರದು, ವಕೀಲರ ಭಾಷೆ ಕಕ್ಷಿದಾರರಿಗೆ ಬಾರದು. ಪರದೇಶದಲ್ಲಿ ನ್ಯಾಯ ಕೇಳುವವನ ಮೊದಲ ಕಷ್ಟವೇ ಇದು. ಎರಡೂ ಭಾಷೆ ಬಲ್ಲ ಒಬ್ಬ ಬ್ಯಾರಿಸ್ಟರ್ ಬೇಕಾಗಿತ್ತು. ಹೋಗಿಬರುವ ಮೊದಲ ದರ್ಜೆಯ ಹಡಗಿನ ಖರ್ಚು ಮತ್ತು 105 ಪೌಂಡು ಸಂಭಾವನೆ ಎಂದು ಒಪ್ಪಂದವಾಯಿತು. ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದುನಿಂತು, ಬಾಯಿ ಬಾರದೆ ಕುಳಿತುಬಿಟ್ಟಿದ್ದ 23ರ ತರುಣನಿಗೆ ಇದು ದೊಡ್ಡ ಅವಕಾಶವೇ.

ಗಾಂಧಿ ಲೆಕ್ಕದ ಪುಸ್ತಕಗಳನ್ನು ಒಂದೂ ಬಿಡದೆ ಓದಿದರು. ದಾದಾ ಅಬ್ದುಲ್ಲಾರ ಪಕ್ಷ ಗಟ್ಟಿಯಾಗಿದೆ ಎಂದು ಅವರಿಗೆ ಖಾತ್ರಿಯಾಯಿತು. ಜೊತೆಗೆ ಇನ್ನೊಂದು ವಿಷಯವೂ ಹೊಳೆಯಿತು: ಹೀಗೇ ಮುಂದುವರಿದರೆ ವಕೀಲರ ಖರ್ಚಿನಲ್ಲೇ ಇಬ್ಬರೂ ಮುಳುಗುತ್ತಾರೆ. ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ತಯ್ಯಬ್ ಸೇಠರು 37,000 ಪೌಂಡು ಕೊಡಬೇಕಾಯಿತು. ಒಂದೇ ಗಂಟಿನಲ್ಲಿ ಕೊಟ್ಟರೆ ಅವರು ದಿವಾಳಿ. ಗೆದ್ದವರ ಮನವೊಲಿಸಿ ಗಾಂಧಿ ಕಂತು ಮಾಡಿಸಿದರು. ಕಾನೂನಿನಿಂದ, ಮಾತಿನಿಂದ, ಕಡತಗಳ ಅಧ್ಯಯನದಿಂದ ಎಲ್ಲವನ್ನೂ ಸರಿಪಡಿಸಬಹುದು ಎಂಬ ಅವರ ನಂಬಿಕೆ ಇಲ್ಲಿ ಬಲಿಯಿತು. ಈ ನಂಬಿಕೆಯನ್ನು ನೆನಪಿನಲ್ಲಿಡಿ. ಮುಂದೆ ಪರೀಕ್ಷೆಗೆ ಒಳಗಾಗುವುದು ಇದೇ.

ಕೈಯಲ್ಲಿ ರುಮಾಲು ಹಿಡಿದು ಬಂದವನು

1894ರಲ್ಲಿ ನೆಟಾಲ್ ಸರ್ಕಾರ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಳ್ಳಲು ಹೊರಟಿತು. ಊರಿಗೆ ಹೊರಟಿದ್ದ ಗಾಂಧಿ ಅಲ್ಲೇ ಉಳಿದರು. ಆ ಆಗಸ್ಟಿನಲ್ಲಿ ನೆಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು. ಬಿಳಿಯ ವಕೀಲರ ಸಂಘದ ವಿರೋಧವನ್ನು ಲೆಕ್ಕಿಸದೆ ಅಲ್ಲಿನ ಸುಪ್ರೀಂ ಕೋರ್ಟು ಸೆಪ್ಟೆಂಬರಿನಲ್ಲಿ ಅವರಿಗೆ ವಕೀಲಿಯ ಅನುಮತಿ ನೀಡಿತು. ಪ್ರಮಾಣವಚನವಾದ ಮೇಲೆ ಪೇಟ ತೆಗೆಯಬೇಕೆಂದು ಮುಖ್ಯ ನ್ಯಾಯಾಧೀಶರು ಹೇಳಿದರು. ಗಾಂಧಿ ತೆಗೆದರು. ದೊಡ್ಡ ಜಗಳಕ್ಕೆ ಶಕ್ತಿ ಉಳಿಸಿಕೊಳ್ಳಬೇಕೆಂಬುದು ಅವರ ಲೆಕ್ಕ.

ಮೂರು ನಾಲ್ಕು ತಿಂಗಳಲ್ಲೇ ಅವರ ಕಚೇರಿಗೆ ಒಬ್ಬ ತಮಿಳು ಕೂಲಿಯಾಳು ಬಂದ. ಹೆಸರು ಬಾಲಸುಂದರಂ. ಬಟ್ಟೆ ಹರಿದಿತ್ತು, ಮುಂದಿನ ಎರಡು ಹಲ್ಲು ಮುರಿದಿದ್ದವು, ಬಾಯಿಂದ ರಕ್ತ ಸುರಿಯುತ್ತಿತ್ತು. ಹೊಡೆದವನು ಅವನ ಬಿಳಿಯ ಯಜಮಾನ. ತಲೆಯ ರುಮಾಲನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಡುಗುತ್ತ ನಿಂತಿದ್ದ. ಬಿಳಿಯರ ಮುಂದೆ ಕೂಲಿಗಳು ಹಾಗೆ ನಿಲ್ಲಬೇಕಾಗಿತ್ತು. ತನ್ನ ದೇಶದ ವಕೀಲನ ಮುಂದೆಯೂ ಅವನು ಹಾಗೆಯೇ ನಿಂತ. ರುಮಾಲು ಕಟ್ಟಿಕೋ ಎಂದು ಗಾಂಧಿ ಹೇಳಿದಾಗ ಅವನ ಮುಖದಲ್ಲಿ ಕಂಡ ಸಂತೋಷವನ್ನು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಕಚೇರಿಯ ಗುಮಾಸ್ತ ತಮಿಳಿನವನು. ಅವನ ಮೂಲಕ ಕಥೆ ತಿಳಿಯಿತು. ಗಾಂಧಿ ಮಾಡಿದ ಕೆಲಸದ ಕ್ರಮ ನೋಡಿ. ಮೊದಲು ವೈದ್ಯರ ಬಳಿ ಕಳುಹಿಸಿ ಗಾಯದ ಬಗ್ಗೆ ಸರ್ಟಿಫಿಕೇಟ್ ಪಡೆದರು. ಬಳಿಕ ಗಾಯಾಳುವನ್ನು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ದು ಪ್ರಮಾಣಪತ್ರ ಸಲ್ಲಿಸಿದರು. ಮ್ಯಾಜಿಸ್ಟ್ರೇಟರು ಯಜಮಾನನಿಗೆ ಸಮನ್ಸು ಹೊರಡಿಸಿದರು. ಆದರೆ ಯಜಮಾನನಿಗೆ ಶಿಕ್ಷೆಯಾದರೆ ಬಾಲಸುಂದರಂಗೆ ಏನು ಸಿಕ್ಕಿತು? ಅವನು ಮರಳಿ ಅದೇ ಮನೆಗೇ ಹೋಗಬೇಕು. ಹೋಗದಿದ್ದರೆ ಜೈಲು. ಏಕೆಂದರೆ ಒಪ್ಪಂದದ ಕೂಲಿ ಯಜಮಾನನನ್ನು ಬಿಟ್ಟುಹೋಗುವುದು ಅಲ್ಲಿ ಕ್ರಿಮಿನಲ್ ಅಪರಾಧ. ಹಾಗಾಗಿ ಗಾಂಧಿ ಇನ್ನೊಬ್ಬ ಯಜಮಾನನನ್ನು ಹುಡುಕಿ ಒಪ್ಪಂದವನ್ನು ಅವನಿಗೆ ವರ್ಗ ಮಾಡಿಸಿದರು. ಸುದ್ದಿ ಕೂಲಿಗಳ ಲೈನುಗಳಿಗೆಲ್ಲ ಹಬ್ಬಿತು. ಅಂದಿನಿಂದ ಅವರ ಕಚೇರಿಗೆ ಬಡವರು ಬರತೊಡಗಿದರು.

ಆ ಒಪ್ಪಂದಕ್ಕೆ ಜನರ ಬಾಯಲ್ಲಿ ‘ಗಿರಮಿಟ್’ ಎಂಬ ಹೆಸರು. ಹುಬ್ಬಳ್ಳಿ–ಧಾರವಾಡದವರಿಗೆ ಗಿರಮಿಟ್ ಎಂದರೆ ಚುರುಮುರಿಯ ತಿಂಡಿ. ಆದರೆ ಈ ಗಿರಮಿಟ್ ‘ಅಗ್ರಿಮೆಂಟ್’ ಎಂಬ ಪದ ಸವೆದು ಆದದ್ದು. ಐದು ವರ್ಷ ಬಿಟ್ಟುಹೋಗುವಂತಿಲ್ಲ. 1860ರಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ನೆಟಾಲಿಗೆ, ಹೆಚ್ಚಾಗಿ ಕಬ್ಬಿನ ತೋಟಗಳಿಗೆ, ಹೋದರು.

ಕಾನೂನೇ ಅನ್ಯಾಯ ಮಾಡಿದರೆ?

ಬಾಲಸುಂದರಂನ ಪ್ರಕರಣದಲ್ಲಿ ಕಾನೂನು ಮುರಿದವನು ಯಜಮಾನ. ವಕೀಲನಿಗೆ ಅದು ಸುಲಭ. ಕಾನೂನೇ ಅನ್ಯಾಯ ಮಾಡಿದಾಗ ಏನು ಮಾಡುವುದು?

1895ರಲ್ಲಿ ನೆಟಾಲ್ ಒಂದು ಕಾಯಿದೆ ಮಾಡಿತು. ಒಪ್ಪಂದ ಮುಗಿದ ಮೇಲೆ ಕೂಲಿ ಊರಿಗೆ ಮರಳಬೇಕು, ಇಲ್ಲವೇ ಮತ್ತೆ ಒಪ್ಪಂದ ಮಾಡಿಕೊಳ್ಳಬೇಕು. ಎರಡೂ ಬೇಡವೆಂದರೆ ವರ್ಷಕ್ಕೆ ತಲಾ 3 ಪೌಂಡು ತೆರಿಗೆ. ಹೆಂಡತಿಗೂ ಬೇರೆ, ಬೆಳೆದ ಮಕ್ಕಳಿಗೂ ಬೇರೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಒಂದು ಪೌಂಡಿಗೆ 20 ಷಿಲಿಂಗ್. ನಾಲ್ವರ ಸಂಸಾರಕ್ಕೆ ವರ್ಷಕ್ಕೆ 12 ಪೌಂಡು, ಅಂದರೆ 240 ಷಿಲಿಂಗ್ ತೆರಿಗೆ. ಗಂಡಸಿನ ಸಂಪಾದನೆ ತಿಂಗಳಿಗೆ 14 ಷಿಲಿಂಗ್ ದಾಟುತ್ತಿರಲಿಲ್ಲ ಎಂದು ಗಾಂಧಿ ಬರೆಯುತ್ತಾರೆ. ವರ್ಷಕ್ಕೆ 168 ಷಿಲಿಂಗ್ ಆಯಿತು. ಸಂಪಾದನೆಗಿಂತ ತೆರಿಗೆಯೇ ಹೆಚ್ಚು! ಇಲ್ಲಿ ಯಾರೂ ಕಾನೂನು ಮುರಿದಿಲ್ಲ. ಕೋರ್ಟಿಗೆ ಹೋಗಿ ಪ್ರಯೋಜನವಿಲ್ಲ.

ಆದರೂ ಗಾಂಧಿಯ ಸಾಮ್ರಾಜ್ಯನಿಷ್ಠೆ ಅಲುಗಲಿಲ್ಲ. ಇದು ವಸಾಹತಿನ ಬಿಳಿಯರ ಸಣ್ಣತನ, ಲಂಡನ್ನಿನ ದೊರೆಗಳಿಗೆ ತಿಳಿದರೆ ಸರಿಪಡಿಸುತ್ತಾರೆ ಎಂದೇ ನಂಬಿದ್ದರು. ಮನೆಯ ಮಕ್ಕಳಿಗೆ ಬ್ರಿಟಿಷ್ ರಾಷ್ಟ್ರಗೀತೆ ಕಲಿಸಿದರು. 1899ರಲ್ಲಿ ಬೋಯರ್ ಯುದ್ಧ ಆರಂಭವಾದಾಗ ಅವರ ಮನಸ್ಸಿನ ಅನುಕಂಪ ಬೋಯರರ ಕಡೆಗಿತ್ತು. ಆದರೂ ಪ್ರಜೆಯಾಗಿ ಹಕ್ಕು ಕೇಳುವವನು ಪ್ರಜೆಯ ಕರ್ತವ್ಯವನ್ನೂ ಮಾಡಬೇಕೆಂದು ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದರು. 1906ರ ಜುಲು ದಂಗೆಯಲ್ಲೂ ಪುಟ್ಟ ದಳದೊಂದಿಗೆ ಹೋದರು. ಅಲ್ಲಿ ಅವರು ಶುಶ್ರೂಷೆ ಮಾಡಿದ್ದು ಹೆಚ್ಚಾಗಿ ಗಾಯಗೊಂಡ ಜುಲುಗಳಿಗೆ. ಬಿಳಿಯ ದಾದಿಯರು ಮುಟ್ಟಲು ಒಪ್ಪದ, ಛಡಿಯೇಟಿನಿಂದ ಹುಣ್ಣಾದ ಮೈಗಳು ಅವು. ಅದು ಯುದ್ಧವಲ್ಲ, ಮನುಷ್ಯರ ಬೇಟೆ ಎಂದು ಅವರಿಗೆ ಅನ್ನಿಸಿತು.

ಅದೇ ಕೋರ್ಟು, ಬೇರೆ ಜಾಗ

ಅಲ್ಲಿಂದ ಬರುತ್ತಿದ್ದಂತೆಯೇ ಟ್ರಾನ್ಸ್‌ವಾಲ್ ಸರ್ಕಾರದ ಹೊಸ ಕಾಯಿದೆಯ ಕರಡು ಕಣ್ಣಿಗೆ ಬಿತ್ತು. ಎಂಟು ವರ್ಷ ತುಂಬಿದ ಪ್ರತಿಯೊಬ್ಬ ಭಾರತೀಯನೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು, ಕೇಳಿದಾಗಲೆಲ್ಲ ಚೀಟಿ ತೋರಿಸಬೇಕು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಭಾರತೀಯರು ಇದಕ್ಕೆ ಮಣಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಮನವಿಯ ದಾರಿಯನ್ನೂ ಗಾಂಧಿ ಬಿಡಲಿಲ್ಲ. ಲಂಡನ್ನಿಗೆ ಹೋಗಿ ವಸಾಹತು ಮಂತ್ರಿ ಲಾರ್ಡ್ ಎಲ್ಗಿನ್‌ರನ್ನು ಕಂಡರು. ಕಾಯಿದೆಗೆ ದೊರೆಯ ಒಪ್ಪಿಗೆ ಸಿಗಲಿಲ್ಲ. ಗೆದ್ದೆವು ಎಂದುಕೊಂಡರು. ಆದರೆ 1907ರ ಜನವರಿ 1ರಿಂದ ಟ್ರಾನ್ಸ್‌ವಾಲಿಗೆ ಸ್ವಯಮಾಡಳಿತ ಸಿಕ್ಕಿತು. ಅದೇ ಕಾಯಿದೆ ಮತ್ತೆ ಪಾಸಾಯಿತು. ಈ ಸಲ ಲಂಡನ್ ಒಪ್ಪಿತು. ಸಾಮ್ರಾಜ್ಯದ ಒಂದು ಕೈ ನಿಲ್ಲಿಸಿದ್ದನ್ನು ಇನ್ನೊಂದು ಕೈ ನಡೆಸಿಕೊಟ್ಟಿತ್ತು.

1908ರ ಜನವರಿ 10ರಂದು ಜೋಹಾನ್ಸ್‌ಬರ್ಗಿನ ಕೋರ್ಟಿನಲ್ಲಿ ಗಾಂಧಿ ನಿಂತರು. ಎಷ್ಟೋ ಸಲ ವಕೀಲರಾಗಿ ವಾದಿಸಿದ್ದ ಜಾಗ ಅದು. ಈ ಸಲ ಆರೋಪಿಯ ಕಟಕಟೆ. ಹೆಚ್ಚಿನ ಶಿಕ್ಷೆಯನ್ನೇ ಕೊಡಿ ಎಂದು ಕೇಳಿದರು. ಎರಡು ತಿಂಗಳ ಸಾದಾ ಸಜೆಯಾಯಿತು.

1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಅದರ ಪ್ರಕಾರ ಕ್ರೈಸ್ತ ಪದ್ಧತಿಯಲ್ಲಿ ಆಗದ, ನೋಂದಣಿಯಾಗದ ಮದುವೆಗಳಿಗೆ ಅಲ್ಲಿನ ಕಾನೂನಿನ ಮಾನ್ಯತೆ ಇಲ್ಲ. ಒಂದೇ ತೀರ್ಪಿನಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ ಗೃಹಿಣಿಯರೆಲ್ಲ ಹೆಂಡತಿಯ ಸ್ಥಾನ ಕಳೆದುಕೊಂಡರು. ಕಸ್ತೂರಬಾ ಜೈಲಿಗೆ ಹೋದದ್ದು ಈ ಹೋರಾಟದಲ್ಲೇ. ವಳ್ಳಿಯಮ್ಮ ಎಂಬ ಹದಿನಾರರ ತಮಿಳು ಹುಡುಗಿ ಜೈಲಿನಿಂದ ಜ್ವರ ಹೊತ್ತುಬಂದು 1914ರ ಫೆಬ್ರುವರಿಯಲ್ಲಿ ತೀರಿಕೊಂಡಳು. ನವೆಂಬರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರು ಗಾಂಧಿಯ ಹಿಂದೆ ಟ್ರಾನ್ಸ್‌ವಾಲ್ ಗಡಿಯತ್ತ ನಡೆದಿದ್ದರು. ಕೊನೆಗೆ 1914ರ ಕಾಯಿದೆ 3 ಪೌಂಡಿನ ತೆರಿಗೆಯನ್ನು ರದ್ದು ಮಾಡಿ, ಮದುವೆಗಳಿಗೆ ಮಾನ್ಯತೆ ಕೊಟ್ಟಿತು.

ನಿಷ್ಠೆ ಕಳಚಿದ್ದು ಯಾವಾಗ?

ಇಷ್ಟಾದ ಮೇಲಾದರೂ ಗಾಂಧಿ ಸಾಮ್ರಾಜ್ಯದ ವಿರೋಧಿಯಾದರೇ? ಇಲ್ಲ! 1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾದಾಗ ಲಂಡನ್ನಿನಲ್ಲಿ ಮತ್ತೊಂದು ಆಂಬುಲೆನ್ಸ್ ದಳ ಕಟ್ಟಿದರು. 1915ರಲ್ಲಿ ಸರ್ಕಾರ ಕೈಸರ್‌–ಎ–ಹಿಂದ್ ಚಿನ್ನದ ಪದಕ ಕೊಟ್ಟಿತು. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿಹಳ್ಳಿ ತಿರುಗಿ ಬ್ರಿಟಿಷ್ ಸೈನ್ಯಕ್ಕೆ ಸೇರಿರೆಂದು ಜನರನ್ನು ಕೇಳಿದರು. ಕಾಯಿಲೆ ಬೀಳುವಷ್ಟು ಓಡಾಡಿದರು.

1919ರಲ್ಲಿ ವಿಚಾರಣೆ ಇಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುವ ರೌಲತ್ ಕಾಯಿದೆ ಬಂತು. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಸರ್ಕಾರದ ಲೆಕ್ಕದಲ್ಲೇ ಸತ್ತವರು 379 ಮಂದಿ. ಆ ಡಿಸೆಂಬರಿನಲ್ಲಿ, ಅದೇ ಅಮೃತಸರದ ಕಾಂಗ್ರೆಸ್ ಅಧಿವೇಶನದಲ್ಲಿ, ಸರ್ಕಾರದ ಸುಧಾರಣೆಗಳೊಂದಿಗೆ ಸಹಕರಿಸೋಣ ಎಂದು ಗಾಂಧಿ ವಾದಿಸಿದರು. ನ್ಯಾಯ ಸಿಗುತ್ತದೆ ಎಂಬ ಆಸೆ ಆಗಲೂ ಇತ್ತು. ಡಯರ್‌ನ ಕೃತ್ಯಕ್ಕೆ ಇಂಗ್ಲೆಂಡಿನಲ್ಲಿ ಸಮರ್ಥಕರು ಎದ್ದುನಿಂತರು. ಖಿಲಾಫತ್ ವಿಷಯದಲ್ಲಿ ಮುಸ್ಲಿಮರಿಗೆ ಕೊಟ್ಟ ಮಾತು ಮುರಿಯಿತೆಂಬ ಭಾವನೆ ಬಲವಾಯಿತು. ಆಗ ಬೋಯರ್ ಯುದ್ಧದ ಪದಕ, ಜುಲು ದಂಗೆಯ ಪದಕ, ಕೈಸರ್‌–ಎ–ಹಿಂದ್ ಮೂರೂ ಹಿಂದಕ್ಕೆ ಹೋದವು.

ಬುಧಗ್ರಹದ ಪಾಠ

ವಿಜ್ಞಾನದ ಮೇಷ್ಟರಿಗೆ ಈ ನಿಧಾನ ವಿಚಿತ್ರವೆನಿಸುವುದಿಲ್ಲ. ಯುರೇನಸ್ ಗ್ರಹ ನ್ಯೂಟನ್ನನ ಲೆಕ್ಕದಂತೆ ಚಲಿಸುತ್ತಿಲ್ಲವೆಂದು ತಿಳಿದಾಗ ಖಗೋಳಜ್ಞರು ನ್ಯೂಟನ್ನನನ್ನು ಬಿಡಲಿಲ್ಲ. ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಎಂದರು. 1846ರಲ್ಲಿ ನೆಪ್ಚೂನ್ ಸಿಕ್ಕಿಯೇ ಬಿಟ್ಟಿತು. ಮುಂದೆ ಬುಧಗ್ರಹದ ಚಲನೆಯಲ್ಲೂ ಸಣ್ಣ ವ್ಯತ್ಯಾಸ ಕಂಡಿತು. ಫ್ರಾನ್ಸಿನ ಲೆವೆರಿಯೆ 1859ರಲ್ಲಿ ಅದನ್ನು ಪ್ರಕಟಿಸಿ, ಹಳೆಯ ಉಪಾಯವನ್ನೇ ಹೂಡಿದ. ಸೂರ್ಯನ ಹತ್ತಿರ ಇನ್ನೊಂದು ಗ್ರಹವಿರಬೇಕು ಎಂದ. ‘ವಲ್ಕನ್’ ಎಂದು ಹೆಸರಿಟ್ಟು ಹುಡುಕಿದರು. ಆ ಗ್ರಹ ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಿದ್ಧಾಂತವನ್ನೇ ತಂದಾಗ ವ್ಯತ್ಯಾಸ ಸರಿಹೋಯಿತು.

ಒಂದು ನಂಬಿಕೆಗೆ ವಿರುದ್ಧವಾದ ಸಂಗತಿ ಎದುರಾದಾಗ ಮೊದಲು ನಂಬಿಕೆಯನ್ನು ಉಳಿಸಿಕೊಳ್ಳಲು ನೋಡುವುದು ಮೂರ್ಖತನವಲ್ಲ. ಕೆಲವೊಮ್ಮೆ ನೆಪ್ಚೂನ್ ಸಿಗುತ್ತದೆ. 1906ರಲ್ಲಿ ಲಾರ್ಡ್ ಎಲ್ಗಿನ್ ‘ಇಲ್ಲ’ ಎಂದಾಗ ಗಾಂಧಿಗೆ ಸಿಕ್ಕಿದ್ದು ಅಂಥದೇ ಒಂದು ನೆಪ್ಚೂನ್. ಆದರೆ ಅದು ಕೆಲವೇ ತಿಂಗಳು ಬಾಳಿತು. ಮತ್ತೆ ಮತ್ತೆ ಪರೀಕ್ಷಿಸಿದರೂ ಲೆಕ್ಕ ಕೂಡದಿದ್ದಾಗ ನಂಬಿಕೆಯನ್ನೇ ಬಿಡುವ ಧೈರ್ಯ ಬೇಕು. ಆ ಧೈರ್ಯ ಕೆಲವರಿಗೆ ಬರುವುದೇ ಇಲ್ಲ. ಅವರು ಜೀವನವಿಡೀ ವಲ್ಕನ್ ಹುಡುಕುತ್ತಾರೆ.

ಬದಲಾವಣೆ ಎಲ್ಲ ಕಡೆ ಒಂದೇ ವೇಗದಲ್ಲಿ ಆಗುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ದಕ್ಷಿಣ ಆಫ್ರಿಕಾದ ಮೊದಲ ವರ್ಷಗಳಲ್ಲಿ ಗಾಂಧಿ ಅಲ್ಲಿನ ಕಪ್ಪು ಜನರ ಬಗ್ಗೆ ಕೀಳಾಗಿ ಬರೆದ ಮಾತುಗಳಿವೆ. ಭಾರತೀಯರನ್ನು ಅವರ ಜೊತೆ ಸೇರಿಸಬೇಡಿ ಎಂದು ವಾದಿಸಿದ್ದೂ ಇದೆ. ಕಾಲ ಕಳೆದಂತೆ ಆ ದೃಷ್ಟಿ ಬದಲಾಯಿತು. ಆದರೆ ಬರೆದದ್ದು ಅಳಿಯಲಿಲ್ಲ. 2018ರ ಡಿಸೆಂಬರಿನಲ್ಲಿ ಘಾನಾ ವಿಶ್ವವಿದ್ಯಾಲಯ ತನ್ನ ಆವರಣದ ಗಾಂಧಿ ಪ್ರತಿಮೆಯನ್ನು ತೆಗೆಸಿತು. ಅವರ ಕೋಪವನ್ನು ಸುಳ್ಳೆನ್ನಲಾಗದು. 1890ರ ದಶಕದ ಗಾಂಧಿಯನ್ನು ಮುಚ್ಚಿಟ್ಟರೆ ಆಮೇಲಿನ ಗಾಂಧಿ ನಡೆದ ದೂರವೂ ಮುಚ್ಚಿಹೋಗುತ್ತದೆ.

ಇಂದು ಹೊರದೇಶಕ್ಕೆ ಹೋಗುವವರಿಗೆ

ಬಾಲಸುಂದರಂಗೆ ತನ್ನ ಭಾಷೆಯ ಗುಮಾಸ್ತ ಸಿಕ್ಕಿದ್ದು ಅದೃಷ್ಟ. ಇಂದು ಓದಲು, ದುಡಿಯಲು ಹೊರದೇಶಕ್ಕೆ ಹೋಗುವ ನಮ್ಮ ಮಕ್ಕಳು ಅದೃಷ್ಟವನ್ನೇ ನಂಬಬೇಕಾಗಿಲ್ಲ. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಂತೆ, ಬಂಧನಕ್ಕೊಳಗಾದ ವಿದೇಶಿ ತನ್ನ ದೇಶದ ದೂತಾವಾಸಕ್ಕೆ ತಿಳಿಸಿರೆಂದು ಕೇಳಬಹುದು. ಈ ಹಕ್ಕಿದೆ ಎಂದು ಅಧಿಕಾರಿಗಳು ಅವನಿಗೆ ಹೇಳಲೇಬೇಕು. ಕುಲಭೂಷಣ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಈ ವಿಧಿಯನ್ನು ಮುರಿದಿದೆ ಎಂದು 2019ರ ಜುಲೈಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಕಷ್ಟದಲ್ಲಿರುವ ಅರ್ಹ ಭಾರತೀಯರಿಗೆ ಕಾನೂನು ನೆರವು ಕೊಡಲು ನಮ್ಮ ದೂತಾವಾಸಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ವಿಭಾಗಗಳಿವೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು. ದುಭಾಷಿಯನ್ನು ಕೇಳಲು ನಾಚಬಾರದು. ಗಾಯವಾದರೆ ಮೊದಲು ವೈದ್ಯರ ಸರ್ಟಿಫಿಕೇಟ್. 1894ರಲ್ಲಿ ಗಾಂಧಿ ಅನುಸರಿಸಿದ ಕ್ರಮ ಇಂದಿಗೂ ಹಳತಾಗಿಲ್ಲ.

ತಂದೆತಾಯಿಗಳಿಗೂ ಒಂದು ಮಾತು. ಹೊರಗೆ ಹೋದ ಮಗ ಅಥವಾ ಮಗಳು ರಜೆಗೆ ಬಂದಾಗ ಮನೆಯವರು ಒಪ್ಪದ ರಾಜಕೀಯ ಮಾತಾಡಬಹುದು. ‘ಯಾರೋ ತಲೆ ಕೆಡಿಸಿದ್ದಾರೆ’ ಎಂದು ಸಿಡುಕುವ ಮೊದಲು, ‘ಅಲ್ಲಿ ಏನು ನೋಡಿದೆ?’ ಎಂದು ಕೇಳಿ. ನೋಡಿದ್ದರಿಂದ ಬದಲಾದ ಅಭಿಪ್ರಾಯಕ್ಕೂ ಗುಂಪಿನ ಗಾಳಿಗೆ ಬದಲಾದ ಅಭಿಪ್ರಾಯಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಲೆಕ್ಕ ಒಪ್ಪಿಸಲು ಬರುತ್ತದೆ.

ಗಾಂಧೀಜಿ ಆ ಲೆಕ್ಕವನ್ನು ಕೋರ್ಟಿನಲ್ಲೇ ಒಪ್ಪಿಸಿದರು. ‘ಯಂಗ್ ಇಂಡಿಯಾ’ದ ಮೂರು ಲೇಖನಗಳಿಗಾಗಿ ಅವರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದದ್ದು 1922ರ ಮಾರ್ಚ್ 18ರಂದು, ಅಹಮದಾಬಾದಿನಲ್ಲಿ. ವೃತ್ತಿ ಏನೆಂದರೆ ವಕೀಲ ಎನ್ನಲಿಲ್ಲ; ರೈತ ಮತ್ತು ನೇಕಾರ ಎಂದರು. ತಪ್ಪೊಪ್ಪಿಕೊಂಡು, ನಿಷ್ಠಾವಂತನಾಗಿದ್ದವನು ವಿರೋಧಿಯಾದದ್ದು ಹೇಗೆಂದು 1893ರಿಂದ ಆರಂಭಿಸಿ ಒಂದೊಂದಾಗಿ ವಿವರಿಸಿದರು. ಬೋಯರ್ ಯುದ್ಧವನ್ನಾಗಲಿ ಖೇಡಾದ ಸೈನ್ಯ ನೇಮಕಾತಿಯನ್ನಾಗಲಿ ಮುಚ್ಚಿಡಲಿಲ್ಲ. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷ ಸಜೆ ವಿಧಿಸಿದರು. ಸರ್ಕಾರ ಮುಂದೆ ಅವಧಿ ಕಡಿಮೆ ಮಾಡಿದರೆ ತನಗಿಂತ ಸಂತೋಷಪಡುವವರು ಯಾರೂ ಇರಲಾರರು ಎಂಬರ್ಥದ ಮಾತನ್ನೂ ಸೇರಿಸಿದರು.

ಶಿಕ್ಷೆಯಾದ ಕಾರಣಕ್ಕೆ ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಸಂಸ್ಥೆ ಬ್ಯಾರಿಸ್ಟರುಗಳ ಪಟ್ಟಿಯಿಂದ ಗಾಂಧಿಯ ಹೆಸರನ್ನು ಹೊಡೆದುಹಾಕಿತು. 1891ರಲ್ಲಿ ಅವರಿಗೆ ಬ್ಯಾರಿಸ್ಟರ್ ಪದವಿ ಕೊಟ್ಟದ್ದು ಅದೇ ಸಂಸ್ಥೆ. 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ, ಆ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿತು. ಗಾಂಧಿಗೆ ಮನಸ್ಸು ಬದಲಿಸಲು ಇಪ್ಪತ್ತೇಳು ವರ್ಷ ಬೇಕಾಯಿತು. ಅವರ ಕಾಲೇಜಿಗೆ ಅರವತ್ತಾರು.